ಕೆಟ್ಟ ಯೋಚನೆಯನ್ನು ಓಡಿಸಬೇಡಿ, ವಿಚಾರಿಸಿಕೊಳ್ಳಿ

ಮದ್ದೂರು ಕಡೆಯ ಕಬ್ಬು ಬೆಳೆಗಾರರೊಬ್ಬರ ಪತ್ರದ ಸಾರ ಇಷ್ಟು: ‘ಕಾರ್ಖಾನೆ ಬಾಕಿ ಬಂದಿಲ್ಲ, ಸೊಸೈಟಿ ಸಾಲದ ಕಂತು ಹತ್ತಿರ ಬಂತು. ರಾತ್ರಿ ಮೂರಕ್ಕೆ ಎಚ್ಚರವಾದರೆ, ನನ್ನ ಕೈಲಿ ಇನ್ನೇನೂ ಆಗಲ್ಲ ಅನ್ನುವುದೊಂದೇ ಯೋಚನೆ. ಮೈಸೂರಿನ ಶಿಬಿರವೊಂದರಲ್ಲಿ ಹೇಳಿಕೊಟ್ಟಂತೆ ದಿನಾ ಕನ್ನಡಿ ಮುಂದೆ “ಗೆದ್ದೇ ಗೆಲ್ಲುತ್ತೇನೆ” ಎಂದು 21 ಸಲ ಹೇಳುತ್ತೇನೆ. ಕೆಟ್ಟ ಯೋಚನೆ ಬಂದ ಕೂಡಲೇ ಓಡಿಸಿ ಅಂದಿದ್ದರು. ಅದು ಹೋಗುತ್ತಿಲ್ಲ. ನನಗೆ ನಂಬಿಕೆ ಸಾಲದೇ?’

ನಂಬಿಕೆಯ ಮಾತೇ ಅಲ್ಲ ಇದು, ವಿಧಾನದ ದೋಷ. 1987ರಲ್ಲಿ ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಕೆಲವರಿಗೆ ‘ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ’ ಎಂದರು. ಗಂಟೆ ನಿಲ್ಲಲಿಲ್ಲ. ಆಮೇಲೆ ನೆನೆಯಲು ಬಿಟ್ಟಾಗ, ಮೊದಲೇ ನೆನೆದಿದ್ದವರಿಗಿಂತ ಇವರಿಗೇ ಕರಡಿ ಹೆಚ್ಚು ಸಲ ಬಂತು. ಬಂತೇ, ಬಂತೇ ಎಂದು ಕಾವಲು ಕಾಯುವ ಮನಸ್ಸು ಅದನ್ನೇ ಹಿಡಿದುಕೊಂಡಿರಬೇಕಲ್ಲ! ಕನ್ನಡಿ ಜಪದ ಪಾಡೂ ಅಷ್ಟೇ. 2009ರಲ್ಲಿ ಕೆನಡಾದ ಜೋಆನ್ ವುಡ್ ತಂಡ ಕಂಡುಕೊಂಡಂತೆ, ತಮ್ಮ ಬಗ್ಗೆ ತಮಗೇ ಒಳ್ಳೆಯ ಅಭಿಪ್ರಾಯವಿಲ್ಲದವರು ‘ನಾನು ಪ್ರೀತಿಗೆ ಅರ್ಹ’ ಎಂದು ಹೇಳಿಕೊಂಡು ಇನ್ನಷ್ಟು ಕುಗ್ಗಿದರು. ಒಳಗೆ ಸಾಕ್ಷಿ ಇಲ್ಲದ ಮಾತಿಗೆ ಮನಸ್ಸು ಎದುರುವಾದ ಹೂಡುತ್ತದೆ. ಆತ್ಮವಿಶ್ವಾಸ ಇದ್ದವರಿಗೆ ತುಸು ಲಾಭವಾಯಿತಂತೆ. ಅಂಥವರು ಶಿಬಿರಕ್ಕೆ ದುಡ್ಡು ಕಟ್ಟುವುದು ಕಡಿಮೆ ಅನ್ನಿ.

ಹಾಗಾಗಿ ಜಪ ನಿಲ್ಲಿಸಿ, ಒಂದು ನೋಟ್‌ಬುಕ್ ತನ್ನಿ. ಸಂಜೆ ಆರರಿಂದ ಆರೂವರೆವರೆಗೆ ಚಿಂತೆಗೇ ಮೀಸಲು. ಮಲಗುವ ಮುಂಚೆ ಬೇಡ, ಹಾಸಿಗೆ ಮೇಲಂತೂ ಬೇಡವೇ ಬೇಡ. ಬಂದ ಯೋಚನೆಯನ್ನು ಬಂದ ಮಾತಿನಲ್ಲೇ ಬರೆದು, ಇದರಲ್ಲಿ ಮಾಡುವ ಕೆಲಸ ಏನಾದರೂ ಇದೆಯೇ ಎಂದು ನೋಡಿ.

ಬಾಕಿಯ ಚಿಂತೆಯಲ್ಲಿ ಇದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ತೂಕದ ಚೀಟಿಗಳ ಜೆರಾಕ್ಸ್ ಇಟ್ಟು ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಡಿ, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ‘ಹೋಗಬೇಕು’ ಎಂದಷ್ಟೇ ಬರೆದರೆ ಹೋಗುವುದಿಲ್ಲ. ‘ಸೋಮವಾರ ಡೇರಿಗೆ ಹಾಲು ಹಾಕಿದ ಮೇಲೆ ಜೆರಾಕ್ಸ್ ಅಂಗಡಿ’ ಎಂದು ಬರೆಯಿರಿ.

‘ನನ್ನ ಕೈಲಿ ಏನೂ ಆಗಲ್ಲ’ ಎಂಬುದರಲ್ಲಿ ಕೆಲಸವಿಲ್ಲ, ಬರೀ ತೀರ್ಪಿದೆ. ಅದನ್ನು ನೂರಕ್ಕೆ ಎಷ್ಟು ನಂಬುತ್ತೀರಿ ಎಂದು ಅಂಕ ಹಾಕಿ. ಕೆಳಗೆ ಗೆರೆ ಎಳೆದು ಒಂದು ಕಡೆ ಪರ ಸಾಕ್ಷಿ, ಇನ್ನೊಂದು ಕಡೆ ವಿರುದ್ಧ ಸಾಕ್ಷಿ. ಬಹಳ ಜನ ಎಡವುವುದು ಇಲ್ಲಿಯೇ, ಸಾಕ್ಷಿಯ ಜಾಗದಲ್ಲಿ ಇನ್ನೊಂದು ತೀರ್ಪು ಬರೆಯುತ್ತಾರೆ. ‘ಊರವರು ಹಗುರವಾಗಿ ನೋಡ್ತಾರೆ’ ಸಾಕ್ಷಿಯಲ್ಲ. ಯಾರು, ಯಾವತ್ತು, ಏನಂದರು ಎಂಬುದು ಸಾಕ್ಷಿ. ಕೊನೆಗೆ ಎರಡೂ ಕಡೆ ಒಪ್ಪುವ ವಾಕ್ಯ ಬರೆಯಿರಿ: ‘ಈ ಕಂತು ತಡವಾಗಬಹುದು. ಹಿಂದಿನವನ್ನು ಕಟ್ಟಿದ್ದೇನೆ. ಸೆಕ್ರೆಟರಿಯನ್ನು ಇನ್ನೂ ಕೇಳಿಲ್ಲ.’ ಮತ್ತೆ ಅಂಕ ಹಾಕಿ. ತೊಂಬತ್ತು ಇದ್ದದ್ದು ಅರುವತ್ತಕ್ಕೆ ಇಳಿದರೆ ಸಾಕು, ಸೊನ್ನೆಯಾಗಬೇಕೆಂದು ಹಟ ಹಿಡಿದರೆ ಮತ್ತೆ ಕನ್ನಡಿ ಜಪವೇ.

ರಾತ್ರಿ ಮೂರಕ್ಕೆ ಇದನ್ನೆಲ್ಲ ಮಾಡಬೇಡಿ. ಇಪ್ಪತ್ತು ನಿಮಿಷವಾಯಿತು ಅನ್ನಿಸಿಯೂ ನಿದ್ದೆ ಬರದಿದ್ದರೆ ಎದ್ದು ಪಡಸಾಲೆಯ ಮಂಕು ಬೆಳಕಿನಲ್ಲಿ ಕೂತಿರಿ, ಕಣ್ಣೆಳೆದಾಗ ಮಲಗಿ. ಮೊಬೈಲ್, ಗಡಿಯಾರ ನೋಡಬೇಡಿ.

ಎರಡು ವಾರಕ್ಕೂ ಮೀರಿ ದಿನವಿಡೀ ಮಂಕು, ಯಾವುದರಲ್ಲೂ ಮನಸ್ಸಿಲ್ಲ, ಊಟ ಸೇರದು, ನಿದ್ದೆ ಕೆಟ್ಟಿದೆ ಅಂದರೆ ಅದು ಖಿನ್ನತೆಯ ಕಾಯಿಲೆ ಇರಬಹುದು. ನೋಟ್‌ಬುಕ್ ಒಂದರಿಂದಲೇ ವಾಸಿಯಾಗದು. ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ. ಮಾತ್ರೆ ಕೊಟ್ಟರೆ ಗುಣ ಕಾಣಲು ಕೆಲವು ವಾರ ಬೇಕು. ಹತ್ತನೇ ದಿನಕ್ಕೆ ‘ಏನೂ ಆಗಲಿಲ್ಲ’ ಎಂದು ಬಿಡಬೇಡಿ.

ಸಾಯುವ ಯೋಚನೆ ಸುಳಿದರೆ ಸಂಜೆ ಆರಕ್ಕೆ ಕಾಯಬಾರದು. ಆ ಕ್ಷಣವೇ ಮನೆಯವರನ್ನು ಎಬ್ಬಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇನ್ನೊಂದು ಕೆಲಸ ಇವತ್ತೇ ಆಗಲಿ: ಮನೆಯಲ್ಲಿರುವ ಕ್ರಿಮಿನಾಶಕದ ಡಬ್ಬಿಗಳನ್ನೆಲ್ಲ ಬೇರೆ ಕಡೆ ಸಾಗಿಸಿ ಬೀಗ ಹಾಕಿಸಿ, ಬೀಗದ ಕೈ ತಮ್ಮನ ಹತ್ತಿರವೋ ನೆರೆಯವರ ಹತ್ತಿರವೋ ಇರಲಿ.

– ಸಂಪಾದಕರು