ಬೇಸ್ ಗಿಟಾರಿನ ವೈರಿಂಗ್ ಬದಲಿಸಬೇಕು, ಬೇಕೆಂದಾಗ ಮೊದಲಿನಂತೆ ಮಾಡಲೂ ಬರಬೇಕು. ಹೇಗೆ?

ನಿಮ್ಮದು ಎರಡು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಭಾಗ), ಎರಡು ವಾಲ್ಯೂಮ್, ಒಂದು ಟೋನ್ ಇರುವ ಜಾಝ್ ಬೇಸ್. ಸದ್ದು ತೆಳು ಅನ್ನಿಸುತ್ತಿದೆ, ಎರಡು ಪಿಕಪ್‌ಗಳನ್ನು ಒಂದರ ಹಿಂದೊಂದು ಜೋಡಿಸುವ ಸೀರೀಸ್ ಸ್ವಿಚ್ ಹಾಕಬೇಕು, ಟೋನ್ ನಾಬಿನ ಕೆಪಾಸಿಟರ್ ಬದಲಿಸಬೇಕು, ಆದರೆ ಮುಂದೆ ಮಾರುವಾಗ ಎಲ್ಲವೂ ಮೊದಲಿನಂತೆಯೇ ಇರಬೇಕು ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ಹಳೆಯ ವೈರಿಂಗ್ ಮೇಲೆ ಕೆಲಸ ಮಾಡಲೇಬೇಡಿ, ಅಷ್ಟೇ. ಅದನ್ನು ಇಡಿಯಾಗಿ ಬಿಚ್ಚಿ ತೆಗೆದಿಡಿ. ಹೊಸದಾಗಿ ಇನ್ನೊಂದು ಸೆಟ್ ಕಟ್ಟಿ ಆ ಜಾಗದಲ್ಲಿ ಕೂರಿಸಿ.

ಜಾಝ್ ಬೇಸ್‌ಗೆ ಇದು ಹೇಳಿ ಮಾಡಿಸಿದ ಉಪಾಯ. ಮೂರು ಪಾಟ್ (ನಾಬ್‌ಗಳ ಕೆಳಗಿರುವ, ತಿರುಗಿಸುವ ರೆಸಿಸ್ಟರ್), ಕೇಬಲ್ ಸಿಕ್ಕಿಸುವ ಜ್ಯಾಕ್, ಕೆಪಾಸಿಟರ್ ಎಲ್ಲವೂ ಒಂದೇ ಲೋಹದ ಪ್ಲೇಟಿನ ಮೇಲೆ ಇರುತ್ತವೆ. ಕೆಲವು ಸ್ಕ್ರೂ ಬಿಚ್ಚಿದರೆ ಪ್ಲೇಟ್ ಕೈಗೆ ಬರುತ್ತದೆ. ಅದನ್ನು ಗಿಟಾರಿಗೆ ಹಿಡಿದಿಟ್ಟಿರುವುದು ಸಾಮಾನ್ಯವಾಗಿ ಐದೇ ವೈರ್: ಎರಡು ಪಿಕಪ್‌ಗಳಿಂದ ತಲಾ ಎರಡು, ಬ್ರಿಡ್ಜ್ ಕೆಳಗಿನಿಂದ ಬರುವ ಗ್ರೌಂಡ್ ಒಂದು. ಫೋಟೋ ತೆಗೆದುಕೊಂಡು, ಯಾವುದು ಯಾವ ಪಿಕಪ್ಪಿನದು ಎಂದು ಚೀಟಿ ಅಂಟಿಸಿ, ಆ ಐದನ್ನು ಮಾತ್ರ ಬಿಡಿಸಿ. ಪಾಟ್‌ಗಳ ನಡುವಿನ ವೈರ್, ಕೆಪಾಸಿಟರ್, ಜ್ಯಾಕ್ ಯಾವುದನ್ನೂ ಮುಟ್ಟಬೇಡಿ. ಪಿಕಪ್ ವೈರ್ ಉದ್ದ ಎನಿಸಿದರೂ ಕತ್ತರಿಸಬೇಡಿ. ಪಾಟ್ ಹಾಳಾದರೆ ಇನ್ನೊಂದು ಸಿಗುತ್ತದೆ, ತುಂಡಾದ ಪಿಕಪ್ ವೈರ್ ಬೆಳೆಯುವುದಿಲ್ಲ.

ಹೊಸ ಪ್ಲೇಟಿನಲ್ಲಿ ಈ ಐದು ವೈರಿಗೆ ಚಿಕ್ಕ ಸ್ಕ್ರೂ ಟರ್ಮಿನಲ್ ಇಡುವುದು ನನ್ನ ರೂಢಿ. ಆಮೇಲೆ ಏನು ಬದಲಿಸಬೇಕೆಂದರೂ ಸ್ಕ್ರೂಡ್ರೈವರ್ ಸಾಕು, ಪಿಕಪ್ ವೈರಿನ ತುದಿಗೆ ಮತ್ತೆ ಮತ್ತೆ ಬಿಸಿ ತಗುಲುವುದಿಲ್ಲ.

ಸಾಮಾನು ತರುವ ಮೊದಲು ಅಳತೆ ನೋಡಿ. ಜನ ಎಡವುವುದು ಇಲ್ಲೇ. ದೊಡ್ಡ ಪಾಟ್‌ಗಳ ಕುತ್ತಿಗೆಗೆ ಸುಮಾರು 9.5 ಮಿಲಿಮೀಟರ್ ತೂತು ಬೇಕು, ಚಿಕ್ಕ ಪಾಟ್‌ಗಳಿಗೆ 7ರಿಂದ 8 ಸಾಕು. ಪ್ಲೇಟ್ ಬೇರೆಯೇ ತಂದರೆ ತೊಂದರೆ ಇಲ್ಲ, ಹಳೆಯ ಪ್ಲೇಟಿನ ತೂತನ್ನು ಮಾತ್ರ ದೊಡ್ಡದು ಮಾಡಬೇಡಿ. ನಾಬ್‌ಗಳಿಗೂ ಇದೇ ಮಾತು: ನಯವಾದ ಕಡ್ಡಿಗೆ ಹಾಕಿ ಸ್ಕ್ರೂ ಬಿಗಿಯುವ ನಾಬ್, ಹಲ್ಲುಹಲ್ಲಾದ ಸೀಳು ಕಡ್ಡಿಗೆ ಒತ್ತಿ ಕೂರಿಸುವ ನಾಬ್, ಎರಡೂ ಬೇರೆ. ಪುಶ್-ಪುಲ್ ಪಾಟ್, ಅಂದರೆ ನಾಬ್ ಎಳೆದು ಒತ್ತಿದರೆ ಸ್ವಿಚ್ಚಿನಂತೆ ಕೆಲಸ ಮಾಡುವ ಪಾಟ್, ಮಾಮೂಲಿ ಪಾಟಿಗಿಂತ ಜಾಸ್ತಿ ಆಳ ಬೇಡುತ್ತದೆ. ಗಿಟಾರಿನ ಗುಳಿಯ ಆಳವನ್ನು ಮೊದಲೇ ಅಳೆಯಿರಿ. ಸಾಲದಿದ್ದರೆ ಮರ ಕೊರೆಯಲು ಹೋಗಬೇಡಿ. ಕೊರೆದ ಮರವನ್ನು ಮತ್ತೆ ತುಂಬಿಸಲಾಗುವುದಿಲ್ಲ ಅಲ್ವಾ?

ಇನ್ನು ಸದ್ದಿನ ವಿಷಯ. ಬೆಸುಗೆ ಹಾಕುವ ಮೊದಲು ಒಂದು ಪ್ರಯೋಗ ಮಾಡಿ. ಎರಡೂ ವಾಲ್ಯೂಮ್ ಪೂರ್ತಿ ತೆರೆದು ನುಡಿಸುತ್ತಿದ್ದೀರಾ? ಹಾಗಿದ್ದರೆ ಎರಡು ಪಿಕಪ್‌ಗಳ ಸದ್ದು ಮಧ್ಯದ ಸ್ವರಗಳಲ್ಲಿ ಒಂದನ್ನೊಂದು ಅಷ್ಟಿಷ್ಟು ಅಳಿಸುತ್ತದೆ. ನಿಮಗೆ ತೆಳು ಅನ್ನಿಸಲು ಅದೂ ಕಾರಣ ಇರಬಹುದು. ಒಂದು ವಾಲ್ಯೂಮನ್ನು ಸ್ವಲ್ಪವೇ ಇಳಿಸಿ ನೋಡಿ, ಮಧ್ಯ ತುಂಬಿಕೊಳ್ಳುತ್ತದೆ. ಗುಂಯ್ ಎನ್ನುವ ಹಮ್ ತುಸು ಏಳಬಹುದು. ಎರಡೂ ಸಮ ಇದ್ದಾಗ ಹಮ್ ಒಂದರಿಂದೊಂದು ರದ್ದಾಗುತ್ತಿತ್ತು, ಆ ಸಮತೋಲ ಈಗ ತಪ್ಪಿರುತ್ತದೆ.

ಕೆಪಾಸಿಟರ್ ಬಗ್ಗೆ ಜನ ಬೇಕಾದ್ದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ಟೋನ್ ಪೂರ್ತಿ ತೆರೆದೇ ನುಡಿಸುವವರಿಗೆ 0.047 ಮೈಕ್ರೋಫ್ಯಾರಡ್ ತೆಗೆದು 0.022 ಹಾಕಿದರೆ ವ್ಯತ್ಯಾಸ ಕೇಳಿಸುವುದೇ ಕಷ್ಟ. ಆಗ 250 ಕಿಲೋಓಮ್ ಪಾಟ್ ಪೂರ್ತಿಯಾಗಿ ದಾರಿಗೆ ಅಡ್ಡ ಇರುತ್ತದೆ, ಕೆಪಾಸಿಟರ್‌ಗೆ ಹೆಚ್ಚು ಕೆಲಸ ಇರುವುದಿಲ್ಲ. ಟೋನ್ ಇಳಿಸಿ ನುಡಿಸುವವರಾದರೆ ಮಾತ್ರ ಬದಲಿಸುವುದರಲ್ಲಿ ಅರ್ಥ ಇದೆ. ಮೈಕ್ರೋಫ್ಯಾರಡ್ ಅಂಕಿ ಕಡಿಮೆ ಇದ್ದಷ್ಟೂ ಮಂಕು ಕಡಿಮೆ. ಆರಿಸಲು ಬೆಸುಗೆ ಬೇಕಿಲ್ಲ. ಹೊಸ ಪ್ಲೇಟಿನಲ್ಲಿ ಕೆಪಾಸಿಟರ್ ಜಾಗ ಖಾಲಿ ಬಿಟ್ಟು, ಅಲ್ಲಿಂದ ಎರಡು ವೈರನ್ನು ಹೊರಗೆ ಎಳೆದು, ಮೊಸಳೆ ಕ್ಲಿಪ್ಪಿನಲ್ಲಿ ಒಂದೊಂದನ್ನೇ ಸಿಕ್ಕಿಸಿ ಕೇಳಿ. ಕಿವಿಗೆ ಹಿಡಿಸಿದ್ದನ್ನು ಒಳಗೆ ಹಾಕಿ.

ನಿಮಗೆ ನಿಜಕ್ಕೂ ಬೇಕಿರುವುದು ಸೀರೀಸ್ ಸ್ವಿಚ್ ಎಂದೇ ನನಗೆ ಅನ್ನಿಸುತ್ತದೆ. ಮಾಮೂಲಿ ವೈರಿಂಗಿನಲ್ಲಿ ಎರಡು ಪಿಕಪ್ ಪ್ಯಾರಲಲ್, ಅಂದರೆ ಅಕ್ಕಪಕ್ಕ ಜೋಡಿಸಿದಂತೆ, ಇರುತ್ತವೆ. ಸೀರೀಸ್ ಮಾಡಿದರೆ ಸದ್ದು ದೊಡ್ಡದಾಗುತ್ತದೆ, ಮಧ್ಯ ಗಟ್ಟಿಯಾಗುತ್ತದೆ, ಮೇಲಿನ ಚುರುಕು ಸ್ವಲ್ಪ ಮಾಸುತ್ತದೆ. ನನಗಂತೂ ಆ ಸದ್ದು ಬಹಳ ಇಷ್ಟ. ಒಂದು ವಾಲ್ಯೂಮ್ ಜಾಗದಲ್ಲಿ ಪುಶ್-ಪುಲ್ ಪಾಟ್ ಹಾಕಿದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ನಾಬ್ ಎಳೆದರೆ ಒಂದು ಪಿಕಪ್ಪಿನ ಕಪ್ಪು ವೈರ್ ಗ್ರೌಂಡ್ ಬಿಟ್ಟು ಇನ್ನೊಂದರ ಬಿಳಿ ವೈರಿಗೆ ಸೇರಬೇಕು. ಹಾಗಾಗಿ ಆ ಕಪ್ಪು ವೈರನ್ನು ಸುಮ್ನೆ ಪಾಟಿನ ಬೆನ್ನಿಗೆ ಹಚ್ಚಬೇಡಿ, ಸ್ವಿಚ್ಚಿನ ಕಾಲಿಗೆ ಕೊಡಿ. ಆ ಪಿಕಪ್ಪಿಗೆ ಲೋಹದ ಕವಚ ಇದ್ದು, ಅದು ಇದೇ ಕಪ್ಪು ವೈರಿಗೆ ಸೇರಿದ್ದರೆ ಸೀರೀಸ್‌ನಲ್ಲಿ ಹಮ್ ಬರುತ್ತದೆ. ಕವಚ ಇಲ್ಲದ್ದನ್ನು ಆರಿಸಿಕೊಳ್ಳಿ. ಸಾಮಾನ್ಯವಾಗಿ ಸೀರೀಸ್‌ನಲ್ಲಿ ಒಂದೇ ವಾಲ್ಯೂಮ್ ಎರಡಕ್ಕೂ ಕೆಲಸ ಮಾಡುವಂತೆ ಕಟ್ಟುತ್ತಾರೆ. ಇನ್ನೊಂದು ನಾಬ್ ತಿರುಗಿಸಿದರೂ ಏನೂ ಆಗದಿದ್ದರೆ ಗಾಬರಿ ಬೇಡ.

ಪಾಟಿನ ಬೆನ್ನಿಗೆ ಬೆಸುಗೆ ಹಿಡಿಯುವುದು ಕಷ್ಟ, ಜಾಸ್ತಿ ಹೊತ್ತು ಕಾಯಿಸಿದರೆ ಒಳಗಿನ ಪಟ್ಟಿ ಹಾಳಾಗುತ್ತದೆ. ನಾನು ಪಾಟಿನ ನಟ್ಟಿನ ಕೆಳಗೆ, ಪ್ಲೇಟಿನ ಒಳಮೈಗೆ, ಕಿವಿ ಇರುವ ವಾಷರ್ ಸೇರಿಸಿ ಗ್ರೌಂಡ್ ವೈರ್‌ಗಳನ್ನೆಲ್ಲ ಅದಕ್ಕೇ ಹಚ್ಚುತ್ತೇನೆ. ತೆಗೆಯುವುದೂ ಸುಲಭ. ಬರಿ ವೈರಿನ ಮೇಲೆ ಇನ್ಸುಲೇಶನ್ ಟೇಪ್ ಬೇಡ, ಕಾಲ ಕಳೆದಂತೆ ಅಂಟಂಟಾಗುತ್ತದೆ. ಬಿಸಿಗೆ ಕುಗ್ಗುವ ಕೊಳವೆ ಹಾಕಿ.

ಎಲ್ಲ ಆದಮೇಲೆ, ಸ್ಕ್ರೂ ಬಿಗಿಯುವ ಮೊದಲು ಮೀಟರ್ ಹಿಡಿಯಿರಿ. ಜ್ಯಾಕಿಗೆ ಕೇಬಲ್ ಸಿಕ್ಕಿಸಿ, ಎರಡೂ ವಾಲ್ಯೂಮ್ ತೆರೆದು, ಕೇಬಲ್ಲಿನ ಇನ್ನೊಂದು ತುದಿಯ ಮೂತಿ ಮತ್ತು ಮೈ ನಡುವೆ ಓಮ್ ನೋಡಿ. ಒಂದೊಂದು ಪಿಕಪ್ 7ರಿಂದ 8 ಕಿಲೋಓಮ್ ಇದ್ದರೆ ಪ್ಯಾರಲಲ್‌ನಲ್ಲಿ ಮೂರೂವರೆ ಆಸುಪಾಸು, ನಾಬ್ ಎಳೆದಾಗ 14ರ ಆಸುಪಾಸು ತೋರಿಸಬೇಕು. ಆಮೇಲೆ ಆಂಪ್ ಸಣ್ಣಗಿಟ್ಟು ಪಿಕಪ್ಪಿನ ಮೇಲೆ ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ತಟ್ಟಿ. ಟಕ್ ಎಂದರೆ ಆ ಪಿಕಪ್ ಜೀವಂತ. ಎಳೆದಾಗ ಸದ್ದು ದಪ್ಪವಾಗುವ ಬದಲು ಇನ್ನೂ ಸೊರಗಿದರೆ, ಒಂದು ಪಿಕಪ್ಪಿನ ಕಪ್ಪು-ಬಿಳಿ ವೈರ್ ಅದಲುಬದಲಾಗಿದೆ ಎಂದರ್ಥ. ಬ್ರಿಡ್ಜಿನ ಗ್ರೌಂಡ್ ಮರೆಯಬೇಡಿ, ಅದಿಲ್ಲದಿದ್ದರೆ ತಂತಿ ಮುಟ್ಟಿದರೂ ಗುಂಯ್‌ಗುಡುವುದು ನಿಲ್ಲುವುದಿಲ್ಲ.

ಎರಡು ಕಡೆ ಮಾತ್ರ ನನ್ನ ಸಲಹೆ ಬೇರೆ. ಬ್ಯಾಟರಿ ಇರುವ ಆಕ್ಟಿವ್ ಬೇಸ್ ಆದರೆ ಮೇಲಿನದು ಯಾವುದೂ ನೇರವಾಗಿ ಹೊಂದುವುದಿಲ್ಲ. ಅಲ್ಲಿ ಪಾಟ್‌ಗಳ ಓಮ್ ಅಂಕಿಯೇ ಬೇರೆ ಇರಬಹುದು, ಜ್ಯಾಕ್ ಬ್ಯಾಟರಿಯ ಸ್ವಿಚ್ಚೂ ಆಗಿರುತ್ತದೆ. ಇನ್ನು ಹಳೇ ಕಾಲದ ಬೇಸ್ ಆದರೆ ಮೊದಲು ಪಾಟಿನ ಬೆನ್ನಿನ ಅಂಕಿ ಓದಿ. 1376632 ಎಂದಿದ್ದರೆ 137 ಎಂಬುದು ಪಾಟ್ ತಯಾರಿಸಿದ ಸಿಟಿಎಸ್ ಕಂಪನಿ, 66 ಎಂದರೆ 1966, 32 ಎಂದರೆ ಆ ವರ್ಷದ ವಾರ. ಅಂಥ ವಾದ್ಯದಲ್ಲಿ ಯಾರೂ ಮುಟ್ಟದ ಬೆಸುಗೆಗೇ ಬೆಲೆ ಇರುತ್ತದೆ. ಆ ಐದು ವೈರನ್ನೂ ಬಿಡಿಸಬೇಡಿ, ಈ ಕೆಲಸಕ್ಕೆ ಬೇರೊಂದು ಬೇಸ್ ಇಟ್ಟುಕೊಳ್ಳಿ.