ಓದುಗರ ಪ್ರಶ್ನೆ, ನಮ್ಮ ಉತ್ತರ: ತಂತಿಯಿಲ್ಲದ ಕರೆಂಟು

ಪ್ರಶ್ನೆ: ನಮ್ಮ ಸುತ್ತಮುತ್ತ ವಿಂಡ್‌ಮಿಲ್‌ಗಳಿವೆ. ಆ ಕರೆಂಟು ಸಾಗಿಸಲು ಹೊಲದಲ್ಲೆಲ್ಲ ಕಂಬ, ತಂತಿ. ವಿಜ್ಞಾನಿ ಟೆಸ್ಲಾ ತಂತಿಯೇ ಇಲ್ಲದೆ 40 ಕಿ.ಮೀ. ದೂರದಲ್ಲಿ 200 ಬಲ್ಬು ಹೊತ್ತಿಸಿದ್ದ ಎನ್ನುತ್ತಾರೆ. ಅದು ಹೇಗೆ? ಈಗೇಕೆ ಆಗುವುದಿಲ್ಲ?
— ಗದಗದ ಓದುಗರೊಬ್ಬರು

ಉತ್ತರ: 200 ಬಲ್ಬಿನ ಮಾತನ್ನು ಮೊದಲು ಬಿಡಿ. 1899ರಲ್ಲಿ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ಟೆಸ್ಲಾ ಬರೆದಿಟ್ಟ ಟಿಪ್ಪಣಿಗಳಲ್ಲಿ ಅಂಥ ಪ್ರಯೋಗವೇ ಇಲ್ಲ.

ರೇಡಿಯೊದಂತೆ ಗಾಳಿಯಲ್ಲಿ ಅಲೆ ಬಿಡುವುದು ಅವನ ಯೋಜನೆಯಾಗಿರಲಿಲ್ಲ. ಭೂಮಿಯೇ ಒಂದು ತಂತಿ, ಮೇಲಿನ ತೆಳು ಗಾಳಿ ಇನ್ನೊಂದು ತಂತಿ ಎಂಬುದು ಅವನ ಲೆಕ್ಕ. 1897ರಲ್ಲಿ ಅರ್ಜಿ ಹಾಕಿ 1900ರಲ್ಲಿ ಪಡೆದ ಪೇಟೆಂಟಿನಲ್ಲಿ ಬಲೂನು ಕಟ್ಟಿ ತಂತಿಯ ತುದಿಯನ್ನು ಎತ್ತರಕ್ಕೇರಿಸುವ ಮಾತಿದೆ. ಆಮೇಲೆ ಅವನ ಒಲವು ನೆಲದ ಕಡೆ ಹೆಚ್ಚಾಯಿತು.

ಯಂತ್ರ ಹೀಗಿತ್ತು: ಟ್ರಾನ್ಸ್‌ಫಾರ್ಮರ್, ವಿದ್ಯುತ್ ಕೂಡಿಡುವ ಕೆಪಾಸಿಟರ್‌ಗಳನ್ನು ತುಂಬುತ್ತದೆ. ಎರಡು ಲೋಹದ ತುದಿಗಳ ನಡುವಿನ ಕಿಡಿಗಂಡಿಯಲ್ಲಿ ಕಿಡಿ ಹಾರಿದೊಡನೆ ಅವು ಕೆಲವೇ ಸುತ್ತಿನ ದಪ್ಪ ತಂತಿಯ ಮೊದಲ ಕಾಯಿಲ್ (ತಂತಿಯ ಸುರುಳಿ), ಅಂದರೆ ಪ್ರೈಮರಿಯೊಳಗೆ ಖಾಲಿಯಾಗುತ್ತವೆ. ಕೊಲೊರಾಡೊದಲ್ಲಿ ಇದರ ಅಗಲ ಸುಮಾರು 15 ಮೀಟರ್. ಅದರೊಡನೆ ಎರಡನೆಯ ಕಾಯಿಲ್ ಆದ ಸೆಕೆಂಡರಿ, ನಡುವೆ ಬಿಡಿಯಾಗಿ ನಿಂತ ಮೂರನೆಯ ಕಾಯಿಲ್, ತುದಿಗೆ ಲೋಹದ ಗೋಳ. ತನ್ನದೇ ಲಯಕ್ಕೆ ಸರಿಯಾಗಿ ನೂಕು ಬಿದ್ದಾಗಲೆಲ್ಲ ಮೂರನೆಯ ಕಾಯಿಲ್‌ನ ವೋಲ್ಟೇಜು ಏರುತ್ತ ಹೋಗುತ್ತದೆ. ಸೆಕೆಂಡರಿಯ ಕೆಳತುದಿ ನೆಲಕ್ಕೆ ಸೇರಿರುವುದರಿಂದ ಭೂಮಿಯ ವಿದ್ಯುದಂಶವೂ ಅದೇ ಲಯದಲ್ಲಿ ಅಲುಗಬೇಕು. ದೂರದಲ್ಲಿ ಅದೇ ಲಯಕ್ಕೆ ಕೂಡಿಸಿದ ಕಾಯಿಲ್: ಒಂದು ತುದಿ ನೆಲದಲ್ಲಿ, ಇನ್ನೊಂದು ಎತ್ತರದಲ್ಲಿ, ಬಲ್ಬಿಗೆ ವೋಲ್ಟೇಜು ಇಳಿಸುವ ಚಿಕ್ಕ ಸುತ್ತು. 1905ರ ಪೇಟೆಂಟಿನ ಪ್ರಕಾರ ಲಯ ಸೆಕೆಂಡಿಗೆ 6 ಸಲಕ್ಕಿಂತ ಕಡಿಮೆ ಇರಬಾರದು, 20,000 ದಾಟಬಾರದು.

ನೆಲ ಹಿಡಿಯುವುದಕ್ಕೆ ಅವನು ಕೊಟ್ಟ ಮಹತ್ವ ನೋಡಿ. 1901ರಲ್ಲಿ ನ್ಯೂಯಾರ್ಕ್ ಬಳಿಯ ವಾರ್ಡನ್‌ಕ್ಲಿಫ್‌ನಲ್ಲಿ ಬ್ಯಾಂಕರ್ ಜೆ.ಪಿ. ಮಾರ್ಗನ್ ಕೊಟ್ಟ 1.5 ಲಕ್ಷ ಡಾಲರ್‌ನಿಂದ ಶುರುವಾದ ಗೋಪುರ 57 ಮೀಟರ್. ಅದರ ಕೆಳಗೆ 120 ಅಡಿ ಬಾವಿ, ಅಲ್ಲಿಂದ ಇನ್ನೂ 300 ಅಡಿ ಕಬ್ಬಿಣದ ಪೈಪು ಹೊಡೆಸಿದ್ದಾಗಿ ಅವನೇ ಹೇಳಿದ್ದಾನೆ. ಹಣ ನಿಂತಿತು, 1917ರಲ್ಲಿ ಗೋಪುರ ಕೆಡವಿದರು.

ಹಣ ಬಂದಿದ್ದರೂ ಯೋಜನೆ ಫಲಿಸುತ್ತಿರಲಿಲ್ಲ ಎಂದೇ ನಮ್ಮ ತೀರ್ಮಾನ. ಭೂಮಿಗೂ ಮೇಲಿನ ವಾತಾವರಣಕ್ಕೂ ನಡುವೆ ಸುಮಾರು 7.8 ಹರ್ಟ್ಸ್‌ನ (ಸೆಕೆಂಡಿಗೆ 7.8 ಸಲ) ಸಹಜ ಲಯ ಇರುವುದು ನಿಜ. ಇಂಥ ಲಯ ಇರಬೇಕೆಂದು ಜರ್ಮನಿಯ ಭೌತವಿಜ್ಞಾನಿ ಶೂಮನ್ 1952ರಲ್ಲಿ ಲೆಕ್ಕಹಾಕಿ ತೋರಿಸಿದ. ಆದರೆ ಆ ಅಲೆ ಕೆಲವೇ ಸುತ್ತುಗಳಲ್ಲಿ ಕರಗುತ್ತದೆ. ಉಳಿದದ್ದು ಇಡೀ ಭೂಗೋಳಕ್ಕೆ ಹಂಚಿಹೋಗುವುದರಿಂದ ಒಂದು ಊರಿನ ಕಾಯಿಲ್‌ಗೆ ಸಿಗುವುದು ಲೆಕ್ಕಕ್ಕಿಲ್ಲದಷ್ಟು. ನಿಮ್ಮ ಹೊಲದ ತಂತಿ ಕರೆಂಟನ್ನು ಬೇಕಾದ ಕಡೆಗಷ್ಟೇ ಒಯ್ಯುತ್ತದೆ.

ಪ್ರಶ್ನೆ: ವಿಜ್ಞಾನ ಪ್ರದರ್ಶನಕ್ಕೆ ತಂತಿಯಿಲ್ಲದೆ ದೀಪ ಹೊತ್ತಿಸಿ ತೋರಿಸಬಹುದೇ?
— ಧಾರವಾಡದ ಪ್ರೌಢಶಾಲೆ ವಿದ್ಯಾರ್ಥಿನಿ

ಉತ್ತರ: ಖಂಡಿತ. 10 ಸೆಂ.ಮೀ. ಅಗಲದ ಪಿವಿಸಿ ಪೈಪಿನ ಮೇಲೆ ಎನಾಮಲ್ ತಾಮ್ರದ ತಂತಿ 15 ಸುತ್ತು ಸುತ್ತಿ, ಅಲ್ಲೊಂದು ಕುಣಿಕೆ ಹೊರಗೆಳೆದು, ಅದೇ ದಿಕ್ಕಿನಲ್ಲಿ ಇನ್ನೂ 15 ಸುತ್ತಿ. ಕುಣಿಕೆ 1.5 ವೋಲ್ಟ್ ಸೆಲ್ಲಿನ ಪ್ಲಸ್‌ಗೆ, ಒಂದು ತುದಿ 2ಎನ್2222 ಟ್ರಾನ್ಸಿಸ್ಟರಿನ ಕಲೆಕ್ಟರ್‌ಗೆ, ಇನ್ನೊಂದು ತುದಿ 1 ಕಿಲೋಓಮ್ ರೆಸಿಸ್ಟರ್ ಮೂಲಕ ಬೇಸ್‌ಗೆ, ಎಮಿಟರ್ ಮೈನಸ್‌ಗೆ. ಇನ್ನೊಂದು 30 ಸುತ್ತಿನ ಕಾಯಿಲ್‌ನ ಎರಡು ತುದಿಗೆ ಕೆಂಪು ಎಲ್‌ಇಡಿ ಜೋಡಿಸಿ ಹತ್ತಿರ ಹಿಡಿಯಿರಿ.

ಹೊತ್ತದಿದ್ದರೆ ಹೆಚ್ಚಾಗಿ ಎರಡು ಕಾರಣ. ತಂತಿಯ ತುದಿಯ ಎನಾಮಲ್ ಪೂರ್ತಿ ಕೆರೆದಿಲ್ಲ. ಮರಳುಕಾಗದದಿಂದ ತಾಮ್ರ ಹೊಳೆಯುವವರೆಗೆ ಉಜ್ಜಿ. ಅಥವಾ ಕುಣಿಕೆಯ ನಂತರ ಸುತ್ತಿನ ದಿಕ್ಕು ತಿರುಗಿದೆ. ಆಗ ಆಂದೋಲನವೇ ಶುರುವಾಗುವುದಿಲ್ಲ. ಎಲ್‌ಇಡಿಗೆ ಅಡ್ಡಲಾಗಿ 1, 4.7, 10 ನ್ಯಾನೋಫ್ಯಾರಡ್ ಕೆಪಾಸಿಟರ್ ಒಂದೊಂದಾಗಿ ಹಾಕಿ ನೋಡಿ, ಬೆಳಕು ಏರಿಳಿಯುತ್ತದೆ. ಲಯ ಕೂಡಿಸುವುದು ಅಂದರೆ ಇದೇ. ಕಾಯಿಲ್‌ಗಳನ್ನು ದೂರ ಸರಿಸಿದರೆ ಬೆಳಕು ಥಟ್ಟನೆ ಆರುತ್ತದೆ, ಏಕೆಂದರೆ ಕಾಯಿಲ್‌ನ ಅಗಲ ದಾಟಿದ ಮೇಲೆ ಕಾಂತಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಸಿಯುತ್ತದೆ. ಇದು ಟೆಸ್ಲಾನ ನೆಲದ ವಿಧಾನವಲ್ಲ, ಮೊಬೈಲ್‌ನ ವೈರ್‌ಲೆಸ್ ಚಾರ್ಜರಿನ ವಿಧಾನ ಎಂದು ಚಾರ್ಟಿನಲ್ಲಿ ಬರೆಯಿರಿ.

ನಿಯಾನ್ ಬೋರ್ಡಿನ ಟ್ರಾನ್ಸ್‌ಫಾರ್ಮರ್ ತಂದು ಕಿಡಿ ಹಾರಿಸುವ ಕಾಯಿಲ್ ಮಾತ್ರ ಶಾಲೆಯಲ್ಲಿ ಬೇಡವೇ ಬೇಡ. ಅದರ ಕೆಪಾಸಿಟರ್ ಸ್ವಿಚ್ ಆರಿಸಿದ ಮೇಲೂ ಕೊಲ್ಲಬಲ್ಲದು. ಅದರ ಅರ್ತಿಂಗನ್ನು ಕಟ್ಟಡದ ಅರ್ತಿಂಗಿಗೆ ಸೇರಿಸಿದರೆ ಪಕ್ಕದ ಕೋಣೆಯ ಕಂಪ್ಯೂಟರ್‌ಗಳೂ ಸುಟ್ಟಾವು.