ಒಳಚಾವಣಿಗೆ ಎಂಥ ಪೇಂಟ್ ಆರಿಸಬೇಕು, ಪಟ್ಟೆ ಬೀಳದಂತೆ ಬಳಿಯುವುದು ಹೇಗೆ?

ಒಳಚಾವಣಿಗೆ ಹೊಳಪಿಲ್ಲದ ಮ್ಯಾಟ್ ಫಿನಿಶ್‌ನ ಎಮಲ್ಷನ್ (ನೀರು ಬೆರೆತ) ಪೇಂಟೇ ಸೂಕ್ತ. ಕಿಟಕಿಯ ಬೆಳಕು ಚಾವಣಿಯ ಮೇಲೆ ಓರೆಯಾಗಿ ಹಾಯುವುದರಿಂದ, ಹೊಳಪಿನ ಬಣ್ಣ ಬಳಿದರೆ ಪುಟ್ಟಿಯ ಪ್ರತಿಯೊಂದು ಉಬ್ಬುತಗ್ಗೂ ಎದ್ದು ಕಾಣುತ್ತದೆ. ಮ್ಯಾಟ್ ಬಣ್ಣ ಬೆಳಕನ್ನು ಚದುರಿಸಿ ಅವನ್ನು ಮರೆಮಾಡುತ್ತದೆ. ಸ್ನಾನದ ಮನೆ ಮತ್ತು ಅಡುಗೆಮನೆಗೆ ಮಾತ್ರ ಬೂಷ್ಟು ತಡೆಯುವ, ಒರೆಸಿದರೂ ಹಾಳಾಗದ, ತುಸು ಹೊಳಪಿರುವ ಬಣ್ಣ ಬೇಕಾಗುತ್ತದೆ. ಟೈಟಾನಿಯಂ ಡೈಆಕ್ಸೈಡ್ ಎಂಬ, ತಳ ಕಾಣದಂತೆ ಮರೆಮಾಡುವ ಬಿಳಿ ಪುಡಿ ಹೆಚ್ಚಿರುವ ಒಳ್ಳೆಯ ಪೇಂಟ್ ಸಾಮಾನ್ಯವಾಗಿ ಎರಡು ಕೋಟ್‌ಗಳಲ್ಲಿ ತಳವನ್ನು ಮುಚ್ಚುತ್ತದೆ. ಕಡಿಮೆ ಬೆಲೆಯದು ಇನ್ನೂ ಒಂದೆರಡು ಕೋಟ್ ಕೇಳುವುದರಿಂದ, ಕತ್ತೆತ್ತಿಕೊಂಡೇ ದುಡಿಯಬೇಕಾದ ಈ ಕೆಲಸದಲ್ಲಿ ಅದು ಉಳಿತಾಯವಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ನೀರಿನ ಕಲೆ ಇದ್ದರೆ ಮೊದಲು ಸೋರಿಕೆಯನ್ನು ನಿಲ್ಲಿಸಿ, ಜಾಗ ಪೂರ್ತಿ ಒಣಗಿದ ಮೇಲೆ ಕಲೆ ತಡೆಯುವ ಪ್ರೈಮರ್ ಹಚ್ಚಬೇಕು. ಇಲ್ಲದಿದ್ದರೆ ಕಲೆಯ ಅಂಶ ಪೇಂಟಿನ ನೀರಿನಲ್ಲಿ ಕರಗಿ, ಅದೇ ಹಳದಿ ಉಂಗುರ ಹೊಸ ಬಣ್ಣದ ಮೇಲೂ ಮೂಡುತ್ತದೆ.

ಪಟ್ಟೆ ಬೀಳಲು ಮುಖ್ಯ ಕಾರಣ, ಬಳಿದ ಅಂಚು ಬೇಗ ಒಣಗುವುದು. ಆದ್ದರಿಂದ ಫ್ಯಾನ್ ನಿಲ್ಲಿಸಿ, ಗೋಡೆ ಕೂಡುವ ಅಂಚನ್ನು ಬ್ರಷ್‌ನಿಂದ ಬಳಿದು, ಅದು ಹಸಿಯಿರುವಾಗಲೇ ಉದ್ದ ಕೋಲಿನ ರೋಲರ್ ಹಿಡಿದು, ಸುಮಾರು ಒಂದು ಮೀಟರ್ ಅಗಲದ ಭಾಗಗಳಾಗಿ, ಪ್ರತಿ ಭಾಗವೂ ಹಿಂದಿನದರ ಹಸಿ ಅಂಚನ್ನು ಸ್ವಲ್ಪ ಆವರಿಸುವಂತೆ ಮುಂದುವರಿಯಬೇಕು. ಅರೆಬರೆ ಒಣಗಿದ ಜಾಗಕ್ಕೆ ಮತ್ತೆ ರೋಲರ್ ತಾಗಿಸಬಾರದು. ಕೊನೆಯ ಕೋಟ್ ಅನ್ನು ಮುಖ್ಯ ಕಿಟಕಿಯ ಬೆಳಕು ಬರುವ ದಿಕ್ಕಿನಲ್ಲೇ ಎಳೆದರೆ ರೋಲರ್‌ನ ಗುರುತುಗಳು ಕಣ್ಣಿಗೆ ಬೀಳುವುದು ಕಡಿಮೆ.